ಪುಟ್ಟಿಯಲ್ಲಿ ಉಳಿದ ಹೆಬ್ಬೆಟ್ಟು

ಲಕ್ಷ್ಮೇಶ್ವರ,
ಫೆಬ್ರವರಿ ೩೦, ೨೧೧೨

ನಮ್ಮ ಪಿಕಪ್ಪಿನ ಮೊದಲ ಮಾಲೀಕರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ಲೆಕ್ಕ ಸುಲಭವಾಗಲೆಂದು ನಮ್ಮ ಕಾಲದವರು ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಟ್ಟು, ಉಳಿದ ದಿನಗಳನ್ನು ವರ್ಷದ ಕೊನೆಗೆ ರಜೆ ಮಾಡಿದ್ದಾರೆ. ಆ ರಜೆಯಲ್ಲೇ ನನ್ನ ಮದುವೆಯಾಯಿತು! ನಾನು ಓದಿದ್ದೆಲ್ಲ ಇಂಗ್ಲಿಷ್ ಶಾಲೆಯಲ್ಲಿ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನನ್ನ ಹೆಸರು ಇಳಾ. ಗಂಡನ ಹೆಸರು ತೋಂಟೇಶ. ಈ ಹೆಸರು ಬರೆಯಲು ನಾನು ನೆಪ ಹುಡುಕುತ್ತಲೇ ಇರುತ್ತೇನೆ, ಕ್ಷಮಿಸಿ.

ನಾವಿಬ್ಬರೂ ಕಡಕ್ ರೊಟ್ಟಿಯ ವ್ಯಾಪಾರಕ್ಕೆ ಇಳಿದಿದ್ದೇವೆ. ನಮ್ಮ ಓಣಿಯ ಹೆಂಗಸರು ಬಡಿದ ರೊಟ್ಟಿಯನ್ನು ಗದಗಿಗೆ, ಹುಬ್ಬಳ್ಳಿಗೆ ಮುಟ್ಟಿಸಲು ಒಂದು ಗಾಡಿ ಬೇಕಿತ್ತು. ಹೊಸ ಗಾಡಿಗಳು ಇಲ್ಲವೆಂದಲ್ಲ. ಅವನ್ನು ನಾವು ಮುಚ್ಚುಗಾಡಿ ಎನ್ನುತ್ತೇವೆ. ಬಾನೆಟ್ಟಿಗೆ ಬೀಗ ಹಾಕಿರುತ್ತದೆ, ಕೆಟ್ಟರೆ ಮಾಡಿದವರೇ ಬಂದು ಒಯ್ಯುತ್ತಾರೆ, ತಿರುಗಿ ತರುವುದು ಅವರ ಮರ್ಜಿ. ಹಾಗಾಗಿ ನಿಮ್ಮ ಕಾಲದ ಚಿಕ್ಕ ಪಿಕಪ್ಪುಗಳೆಂದರೆ ನಮಗೆ ಇನ್ನೂ ಆಸೆ. ಈಗ ಅವು ಹೊಂಗೆ ಎಣ್ಣೆ ಕುಡಿದು ಓಡುತ್ತವೆ. ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಬರುವ ಯಾರಾದರೂ ಅವನ್ನು ಬಿಚ್ಚಿ ಜೋಡಿಸಬಹುದು.

ರಿಪೇರಿಯ ಖರ್ಚನ್ನು ನಾವು ದುಡಿಗಂಟೆಯಲ್ಲಿ ಹೇಳುತ್ತೇವೆ, ಅಂದರೆ ಒಬ್ಬರ ಒಂದು ಗಂಟೆಯ ದುಡಿಮೆ. ಕ್ಲಚ್ ಪ್ಲೇಟ್ ಸವೆದಿದ್ದರೆ ನಲವತ್ತು. ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಕುದಿಯುತ್ತಿದ್ದರೆ ಹದಿನೈದು. ಎರಡನೇ ಗೇರು ಜಾರುತ್ತಿದ್ದರೆ ಖರ್ಚು ಕೇಳುವ ಮೊದಲು ಕುಳಿತುಕೊಳ್ಳುವುದು ಒಳ್ಳೆಯದು. ಚಕ್ರದ ಬೇರಿಂಗ್ ಗೊಂಯ್ ಎನ್ನುವುದು, ಬೆಳಿಗ್ಗೆ ಸೆಲ್ಫ್ ಹಿಡಿಯದಿರುವುದು, ಇವೆಲ್ಲ ನೆಗಡಿ ಇದ್ದಂತೆ, ಬಂದು ಹೋಗುತ್ತವೆ. ರೊಟ್ಟಿ ಒಯ್ಯುವವರು ಮಾತ್ರ ಹಿಂದಿನ ಸ್ಪ್ರಿಂಗುಗಳನ್ನು ನೋಡಲೇಬೇಕು. ಅವು ಸೋತಿದ್ದರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಗ್ರಾಹಕರಿಗೆ ಸಿಗುವುದು ರೊಟ್ಟಿಯಲ್ಲ, ಪುಡಿ.

ಮದುವೆಗೆ ಬಂದವರು ಮುಯ್ಯಿ ಮಾಡುವುದೂ ದುಡಿಗಂಟೆಯಲ್ಲೇ. ಬಡಿಗರು, ಕಮ್ಮಾರರು, ಶಾಲೆಯ ಗೆಳತಿಯರು ಎಲ್ಲರೂ ಅಕ್ಷತೆ ಹಾಕಿ, ಇಷ್ಟು ಗಂಟೆ ನಿಮಗೆ ದುಡಿದು ಕೊಡುತ್ತೇವೆಂದು ಹೇಳಿ ಉಂಡು ಹೋದರು. ನಮ್ಮದು ಎನ್ನಲು ನಮಗಿದ್ದುದು ಅದೊಂದೇ. ತಪ್ಪು ಗಾಡಿಗೆ ಅದನ್ನು ಸುರಿದರೆ ರೊಟ್ಟಿಯೂ ಇಲ್ಲ, ವ್ಯಾಪಾರವೂ ಇಲ್ಲ.

ತೋಂಟೇಶನ ಚಿಗವ್ವ, ಅಂದರೆ ಚಿಕ್ಕಮ್ಮ, ಗುರುಸಿದ್ಧವ್ವ ನನಗೆ ಅತ್ತೆಯಾಗಬೇಕು. ಅವರು ಇಲ್ಲಿ ಗ್ಯಾರೇಜ್ ನಡೆಸುತ್ತಾರೆ. ಮಾರುವವರು ನಿಮ್ಮ ಪಿಕಪ್ಪನ್ನು ಒಂದು ಹಗಲಿನ ಮಟ್ಟಿಗೆ ಅಲ್ಲಿ ಬಿಟ್ಟು, ಸಂಜೆ ಬಂದು ಉತ್ತರ ಕೇಳುತ್ತೇನೆಂದು ಹೋಗಿದ್ದರು. ನಾನಂತೂ ಅದನ್ನು ನೋಡಿದ ಕೂಡಲೇ ಮರುಳಾದೆ. ಅತ್ತೆ ಮರುಳಾಗಲಿಲ್ಲ. ಎಂಜಿನ್ನಿನ ಹೊಟ್ಟೆಗೆಲ್ಲ ಜೋಳದ ಹಿಟ್ಟು ಹಚ್ಚಿ, ಸ್ವಲ್ಪ ಹೊತ್ತು ಚಾಲೂ ಇಟ್ಟು, ಆರಿಸಿ ಊಟಕ್ಕೆ ಹೋದರು. ಎಣ್ಣೆ ಎಲ್ಲಿ ಸೋರುತ್ತದೋ ಅಲ್ಲಿ ಹಿಟ್ಟು ಕಪ್ಪಾಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ರೊಟ್ಟಿಮನೆಯ ಹಿಟ್ಟು ಇಲ್ಲಿಗೂ ಹಾರಿದೆ ಎಂದುಕೊಂಡು, ಪೂಜೆಗೆ ಸಜ್ಜು ಮಾಡೋಣವೆಂದು ಬಕೆಟ್ಟು, ತೆಂಗಿನ ನಾರು ಹಿಡಿದು ಗಾಡಿಯಡಿ ನುಸುಳಿದೆ. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಫಳಫಳ ತಿಕ್ಕಿಬಿಟ್ಟೆ. ಅಷ್ಟರಲ್ಲಿ ಅತ್ತೆ ಊಟ ಮುಗಿಸಿ ಬಂದರು.

"ಅಯ್ಯ ನಮ್ಮವ್ವ! ಹಿಟ್ಟೆಲ್ಲಿ ಹೋತು?"

"ತೊಳದೆ, ಅತ್ತಿ. ಪೂಜಿಗೆ."

"ಗಾಡಿ ಇನ್ನೂ ನಮ್ಮದ ಆಗಿಲ್ಲ, ಈಕಿ ಅರಿಷಿಣ ಹಚ್ಚಾಕ ನಿಂತಾಳ! ಲೇ ತೋಂಟ್ಯಾ, ರೋಗ ನೋಡೂದ್ರೊಳಗ ನಿನ್ನ ಹೇಣ್ತಿ ರೋಗಿಗೆ ಜಳಕಾ ಮಾಡಿಸ್ಯಾಳಲೋ!"

"ಬೈಬ್ಯಾಡ ಚಿಗವ್ವ, ಹೊಸಾಕಿ."

"ಹೊಸಾಕಿ ಅಂತನ ಬರೇ ಬಾಯಿಲೆ ಬೈಯಾಕತ್ತೇನಿ. ಹಳೇಕಿ ಆಗಿದ್ರ ಪಾನಾ ತಗೋತಿದ್ದೆ."

ಬೈಯುತ್ತಲೇ ಅತ್ತೆ ದೀಪ ಹಿಡಿದು ಗಾಡಿಯಡಿ ನುಸುಳಿ, ಒಂದು ಕಡೆ ಬೆರಳಿಟ್ಟು ತೋರಿಸಿದರು. ನಾನು ನಾರಿನಿಂದ ಉಜ್ಜಿದ ಕಡೆ, ಹಿಂದಿನ ಚಕ್ರದ ಹತ್ತಿರ, ಬಣ್ಣ ಎದ್ದು ಬಂದಿತ್ತು. ಬಣ್ಣದಡಿ ಪುಟ್ಟಿ, ಬಿರುಕು ಕಾಣದಂತೆ ಮೆತ್ತುವ ಲೇಪ. ಅದರ ಅಂಚು ಕಳಚಿದ ಕಡೆ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊತ್ತಿರುವ ಉಕ್ಕಿನ ತೊಲೆ, ಅಡ್ಡಡ್ಡ ಸೀಳಿಹೋಗಿತ್ತು.

"ಎಣ್ಣಿ ಸೋರಿದ್ರ ಸೀಲ್ ಹಾಕಬೌದು. ಇದು ಬೆನ್ನೆಲಬು ನೋಡ. ಸೀಳು ಪುಟ್ಟಿ ಅಡಿ ವರ್ಷಗಟ್ಟಲೆ ಬೆಳದೈತಿ. ಲೋಡ್ ಹಾಕಿದ ದಿನಾನ ಎರಡ ತುಂಡ ಆಗ್ತಿತ್ತು," ಎಂದರು ಅತ್ತೆ.

ಆ ಪುಟ್ಟಿಯ ಮೇಲೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಆಮೇಲೆ ಬಳಿದ ಬಣ್ಣಗಳೆಲ್ಲ ಅದರ ಮೇಲಿದ್ದವು. ಕೆಳಗಿದ್ದುದು ಗಾಡಿ ಹುಟ್ಟಿದಾಗಿನ ಬಣ್ಣವೊಂದೇ. ಅಂದರೆ ಗಾಡಿ ಇನ್ನೊಬ್ಬರ ಕೈಗೆ ಹೋಗುವ ಮೊದಲೇ ಅದನ್ನು ಒತ್ತಿದವರು ನೀವೇ.

ಚಾಸಿ ಸರಿಮಾಡಲು ಹೆಚ್ಚುಕಡಿಮೆ ಮುಯ್ಯಿಯೆಲ್ಲ ಬೇಕೆಂದು ಅತ್ತೆ ಲೆಕ್ಕ ಹೇಳಿದರು, ಬಿಟ್ಟುಬಿಡಿ ಎಂದೂ ಹೇಳಿದರು. ನಾನು ಅಳುವುದರಲ್ಲಿದ್ದೆ. ಆಗ ತೋಂಟೇಶ ಮೆಲ್ಲಗೆ, "ನಾವು ಒಲ್ಲೆ ಅಂದ್ರ ಮಾರಾಂವ ಮತ್ತ ಪುಟ್ಟಿ ಮೆತ್ತಿ ಬ್ಯಾರೆಯವರಿಗೆ ಮಾರ್ತಾನ. ಅವರೂ ನಮ್ಮಂಗ ಹೊಸಬರ ಇದ್ರ?" ಎಂದ. ಇವನನ್ನು ಮದುವೆಯಾದದ್ದು ಎಷ್ಟು ಒಳ್ಳೆಯದಾಯಿತೆಂದು ನನಗೆ ಮತ್ತೊಮ್ಮೆ ಅನಿಸಿತು. ಸಂಜೆ ಮಾರುವವರಿಗೆ ಸೀಳು ತೋರಿಸಿ, ರಿಪೇರಿಗೆ ಹೋಗಿ ಉಳಿಯುವ ದುಡಿಗಂಟೆ ಕೊಟ್ಟು, ಗುಜರಿಯ ಬೆಲೆಗೆ ಕೊಂಡೆವು.

ಮದುವೆಯಲ್ಲಿ ಉಂಡವರು ಒಬ್ಬೊಬ್ಬರಾಗಿ ಗ್ಯಾರೇಜಿಗೆ ಬಂದರು. ಒಬ್ಬರು ಉಕ್ಕಿನ ಪಟ್ಟಿ ಕೊಯ್ದರು, ಒಬ್ಬರು ರಿವೆಟ್ ಬಡಿದರು. ಏನೂ ಬಾರದ ನನ್ನ ಗೆಳತಿಯರು ತುಕ್ಕು ತಿಕ್ಕುತ್ತ ಅತ್ತೆಯ ಬೈಗುಳ ತಿಂದರು. ಈಗ ಮುಯ್ಯಿ ಖಾಲಿ. ನಾಳೆ ಬೆಳಿಗ್ಗೆ ಮೊದಲ ರೊಟ್ಟಿ ಗದಗಿಗೆ ಹೊರಡುತ್ತದೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಪುಟ್ಟಿ ಕೆರೆದು ತೆಗೆಯುವ ಮೊದಲು ನನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟು ನೋಡಿದೆ, ಸರಿಯಾಗಿ ಕೂತಿತು. ಮರುದಿನದ ಬಾಡಿಗೆ ತಪ್ಪಬಾರದೆಂಬ ಅವಸರ ನಿಮಗಿದ್ದಿರಬಹುದು. ಮನೆಯಲ್ಲಿ ಯಾರೋ ಕಾಯುತ್ತಿದ್ದಿರಬಹುದು. ಆದರೆ ಈ ಪತ್ರ ಹೇಗೋ ಕಾಲದಲ್ಲಿ ಹಿಂದಕ್ಕೆ ಹೋಗಿ, ನೀವು ಪುಟ್ಟಿ ಮೆತ್ತಿದ ದಿನಕ್ಕಿಂತ ಮೊದಲು ನಿಮ್ಮ ಕೈಸೇರಿದರೆ ಒಂದು ಬೇಡಿಕೆ ಇದೆ. ಗಾಡಿಯಡಿ ಸೀಳು ಕಂಡ ದಿನ ಪುಟ್ಟಿಯ ಡಬ್ಬಿ ತೆರೆಯಬೇಡಿ. ಲೋಡ್ ಇಳಿಸಿ, ಮರುದಿನದ ಬಾಡಿಗೆ ಕೈಬಿಟ್ಟು, ಅದಕ್ಕೆ ಸರಿಯಾಗಿ ಬೆಸುಗೆ ಹಾಕಿಸಿ. ಆಗ ಆ ಹೆಬ್ಬೆಟ್ಟು ಅಲ್ಲಿ ಇರುವುದಿಲ್ಲ. ನೀವೊಬ್ಬರು ಇದ್ದಿರೆಂದು ನನಗೆ ತಿಳಿಯುವುದೂ ಇಲ್ಲ, ಈ ಪತ್ರವನ್ನು ನಾನು ಬರೆಯುವುದೂ ಇಲ್ಲ.

ಪರವಾಗಿಲ್ಲ. ಬರೆಯದೆ ಇರುತ್ತೇನೆ.

ನಿಮ್ಮ ಗಾಡಿಯ ಈಗಿನವಳು,
ಇಳಾ ತೋಂಟೇಶ