ಸಮ ಮತ್ತು ಬೆಸ

ಮೂಡುಬಿದಿರೆ
೨೯-೧೦-೧೯೮೮

ಪ್ರೀತಿಯ ವಾಗ್ದೇವಿ,

ಮೈಸೂರಿನಲ್ಲಿ ನೀವೆಲ್ಲ ಕ್ಷೇಮವಷ್ಟೆ? ನವರಾತ್ರಿಗೆ ಮೊದಲೇ ಬರೆಯಬೇಕೆಂದಿದ್ದೆ, ಮನಸ್ಸು ಬರಲಿಲ್ಲ. ತಡವಾದದ್ದಕ್ಕೆ ಬೇಸರಿಸಬೇಡ.

ನೀನು ಅಲ್ಲಿ ದಿನಾ ವಿದ್ಯಾರ್ಥಿಗಳಿಗೆ ಕಲಿಸುವಂಥ ಕಂಪ್ಯೂಟರು ನಮ್ಮ ಕಾಲೇಜಿಗೂ ಎರಡು ಬಂದವು, ಬೇರೆ ಬೇರೆ ಕಂಪೆನಿಯವು. ಯಂತ್ರಗಳು ಒಂದರ ಜೊತೆ ಒಂದು ಮಾತಾಡಲು ಪಾಲಿಸಬೇಕಾದ ಮಾನದಂಡ ಅಂತಿದೆಯಲ್ಲ, ಎರಡರ ಕೈಪಿಡಿಯಲ್ಲೂ ಅದರ ಒಂದೇ ಹೆಸರು. ಆದರೆ ಕೇಬಲ್ ಜೋಡಿಸಿ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಬರೀ ಪ್ರಶ್ನೆಚಿಹ್ನೆಗಳಾಗಿ ಮೂಡುತ್ತಿತ್ತು. ಮೂರು ತಿಂಗಳು ಗುದ್ದಾಡಿದೆ. ಎರಡೂ ಕಂಪೆನಿಯವರು ತಮ್ಮದು ಮಾನದಂಡದ ಪ್ರಕಾರವೇ ಇದೆ ಎಂದು ಬರೆದರು.

ಆಗಸ್ಟಿನಲ್ಲಿ ಸಾಲಿಹಾ ಎಂಬವಳು ಲ್ಯಾಬಿನ ಸಹಾಯಕಿಯಾಗಿ ನನ್ನ ಕೈಕೆಳಗೆ ಸೇರಿದಳು. ಬೆಳುವಾಯಿಯಿಂದ ಬಸ್ಸಿನಲ್ಲಿ ಬರುತ್ತಾಳೆ, ಇಪ್ಪತ್ತಮೂರು ವರ್ಷ. ಒಂದು ಸೋಮವಾರ ಬಂದವಳೇ ಯಂತ್ರದ ಹಿಂಬದಿಯ ಪುಟ್ಟ ಸ್ವಿಚ್ಚೊಂದನ್ನು ಸರಿಸಿದಳು. ಅಕ್ಷರಗಳು ಸ್ಪಷ್ಟವಾಗಿ ಬಂದವು!

"ಇಬ್ಬರದ್ದೂ ಸರಿಯೇ ಮೇಡಂ. ಪ್ರತಿ ಅಕ್ಷರದ ಜೊತೆ ತಾಳೆ ನೋಡ್ಲಿಕ್ಕೆ ಒಂದು ಅಂಕೆ ಹೋಗ್ತದೆ. ಲೆಕ್ಕ ಸಮ ಬರಬೇಕು ಅಂತ ಒಂದು ಯಂತ್ರ, ಬೆಸ ಬರಬೇಕು ಅಂತ ಇನ್ನೊಂದು. ಮಾನದಂಡದಲ್ಲಿ ಎರಡಕ್ಕೂ ಅವಕಾಶ ಉಂಟು" ಎಂದಳು.

ಪ್ರಿನ್ಸಿಪಾಲ್ ನಾರಾಯಣಮೂರ್ತಿಯವರು ಸ್ಟಾಫ್ ರೂಮಿನಲ್ಲಿ, "ಮೂರು ತಿಂಗಳ ಕೆಲಸ ಮೂರು ನಿಮಿಷದಲ್ಲಿ ಆಯ್ತು ಮಾರಾಯ್ರೆ!" ಎಂದು ಎಲ್ಲರೆದುರು ನಕ್ಕರು. ನಾನೂ ನಕ್ಕೆ. ಅವಳ ಬೆರಳುಗಳನ್ನು ನೋಡಿದರೂ ನನಗೆ ಉರಿಯುತ್ತಿತ್ತು.

ಕಳೆದ ವಾರ ಆಡಳಿತ ಮಂಡಳಿಯವರು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಲ್ಯಾಬಿಗೆ ಹೋಗಿ ಆ ಸ್ವಿಚ್ಚನ್ನು ಹಿಂದಿನಂತೆ ತಿರುಗಿಸಿದೆ. ಹೌದು, ನಾನೇ. ಅವರೆದುರು ಪರದೆಯ ತುಂಬ ಮತ್ತೆ ಪ್ರಶ್ನೆಚಿಹ್ನೆಗಳು ಬಂದಾಗ ಸಾಲಿಹಾ ಗಾಬರಿಯಲ್ಲಿ ಸ್ವಿಚ್ಚನ್ನೇ ಮರೆತು ಕೇಬಲ್ ಕಿತ್ತು ಕಿತ್ತು ಜೋಡಿಸಿದಳು. "ನನ್ನದೇ ತಪ್ಪು ಸರ್" ಎಂದಳು. ಆ ಮಾತು ಕೇಳಲಾಗದೆ ನಾನು ಹುಡುಕುವವಳಂತೆ ಬಗ್ಗಿ ಸರಿಮಾಡಿದೆ. ಚಪ್ಪಾಳೆ ನನಗೆ ಬಿತ್ತು. ಹೊರಗೆ ಬಂದು ಅವಳು ನನ್ನ ಕೈ ಹಿಡಿದು, "ನೀವು ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು ಮೇಡಂ" ಎಂದು ಅತ್ತಳು. ನಾನು ಅವಳ ಬೆನ್ನು ತಟ್ಟಿ ಕಳಿಸಿದೆ. ಈಗ ಒಂದು ಗುಂಡಿ ಒತ್ತುವುದಕ್ಕೂ ಅವಳು ನನ್ನನ್ನೇ ಕೇಳುತ್ತಾಳೆ.

ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನ ಯಜಮಾನರಿಗೆ ನಮಸ್ಕಾರ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ,
ಮನೋರಮಾ

ತಾ.ಕ.: ಮಂಡಳಿಯವರು ಬರುವ ಹಿಂದಿನ ದಿನ ಸಾಲಿಹಾಳ ಪುಸ್ತಕದೊಳಗೆ ಒಂದು ಪತ್ರ ಕಂಡೆ. ಆ ಸ್ವಿಚ್ಚಿನ ಚಿತ್ರ ಬರೆದು ವಿವರಿಸಿದ ನಾಲ್ಕು ಪುಟ, ಕೈಬರಹ ನಿನ್ನದು. ಅವಳು ನಿನ್ನ ಶಿಷ್ಯೆಯಂತೆ. ಅದೇ ಪ್ರಶ್ನೆಯನ್ನು ನಾನು ಜೂನ್‌ನಲ್ಲಿ ನಿನಗೆ ಬರೆದು ಕೇಳಿದ್ದೆ ವಾಗ್ದೇವಿ. ಜುಲೈಯಲ್ಲೂ ಕೇಳಿದ್ದೆ.