ಬೋಳಾದ ಎಕ್ಕದ ಗಿಡ

ಅಲ್ ಖೌದ್, ರಥಸಪ್ತಮಿ, ಬೆಳಿಗ್ಗೆ

ಅಮ್ಮಾ,

ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾರ್ಡು. ನಮ್ಮ ಅಂಗಳದಲ್ಲಿ ಎಕ್ಕ ಉಂಟೆಂದು ಮೇಲಿನ ಮನೆಯ ವಿನೋದಕ್ಕನಿಗೆ ವಾಟ್ಸಾಪ್ ಮಾಡಲು ನಿನಗೇನು ಅರ್ಜೆಂಟಿತ್ತು? ಅದನ್ನು ಸಪ್ತಮಿಯ ಸ್ನಾನಕ್ಕೆಂದು ಬೆಳೆಸಿದ್ದಲ್ಲ, ಚಿಟ್ಟೆಗಳಿಗೆಂದು. ಅಮೆರಿಕದ ಮೊನಾರ್ಕ್ ಚಿಟ್ಟೆಯ ಬಳಗದ ಕಿತ್ತಳೆ ಚಿಟ್ಟೆ ಈ ಅರಬರ ಮರಳುನಾಡಿನಲ್ಲೂ ಉಂಟು. ಅದರ ಮರಿಹುಳಗಳು ಎಕ್ಕದ ಜಾತಿಯ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಎಕ್ಕದ ಹಾಲು ಪುಟ್ಟನ ಕಣ್ಣಿಗೆ ತಾಗೀತೆಂದು ಹೆದರಿ, ಸುತ್ತ ಬಲೆ ಕಟ್ಟಿ ಒಂದು ವರ್ಷ ಸಾಕಿದ ಗಿಡ! ಇವತ್ತು ಎದ್ದು ನೋಡಿದರೆ ಬರೀ ದಂಟು. ವಿನೋದಕ್ಕ ಇಲ್ಲಿರುವ ನಮ್ಮೂರಿನವರ ಐದು ಮನೆಗಳಿಗೆ, ಒಬ್ಬೊಬ್ಬರಿಗೆ ಏಳೆಲೆಯಂತೆ ಹಂಚಿಯಾಗಿದೆ.

"ಹುಳ ಹಿಡಿದಿತ್ತು ಮಾರಾಯ್ತಿ, ನಾನೇ ಕೊಡವಿ ಹಾಕಿದೆ" ಎಂದು ನನಗೇ ಉಪಕಾರ ಮಾಡಿದ ಹಾಗೆ ಹೇಳುತ್ತಾರೆ! ನಾನು ಕೂಗಾಡಿದ ಮೇಲೆ ಮಿಂದ ಎಲೆಗಳನ್ನೇ ತೊಳೆದು ತಂದರು. ಶಾಂಪೂ ವಾಸನೆಗೆ ಹುಳಗಳು ಮೂಸಿಯೂ ನೋಡಲಿಲ್ಲ. ನಿನ್ನ ಮೊಮ್ಮಗಳು ಸಮೀಕ್ಷಾ ಅಳುತ್ತಾ ಮಣ್ಣಿನಿಂದ ಒಂಬತ್ತು ಹುಳ ಹೆಕ್ಕಿದ್ದಾಳೆ. ಬೇಗ ಎಲೆ ಸಿಗದಿದ್ದರೆ ಅವೂ ಸಾಯುತ್ತವೆ.

ಪುಟ್ಟನ ಜ್ವರ ಇಳಿದಿದೆ. ನಾನು ನಿದ್ದೆ ಮಾಡದೆ ನಾಲ್ಕು ದಿನವಾಯಿತು. ಬತ್ತಿದ ಹೊಳೆಯ ಬದಿಯಲ್ಲಿ ಎಕ್ಕ ಹುಡುಕಲು ಹೊರಟಿದ್ದೇವೆ, ಬೇಗ ಬನ್ನಿರೆಂದು ಇವರು ಅರಬರ ಹಾಗೆ "ಯಲ್ಲಾ, ಯಲ್ಲಾ" ಎಂದು ಹಾರ್ನ್ ಹೊಡೆಯುತ್ತಿದ್ದಾರೆ. ವಿನೋದಕ್ಕನನ್ನೂ ಬಿಡಲಿಲ್ಲ, ಕಾರು ಹತ್ತಿಸಿದ್ದೇನೆ. ಹುಳಗಳ ಡಬ್ಬಿಯನ್ನು ವಿನೋದಕ್ಕನ ಮಡಿಲಲ್ಲಿಟ್ಟು ಸಮೀಕ್ಷಾ "ಆಂಟಿ, ಡೋಂಟ್ ಮೂವ್" ಅಂದಿದ್ದಾಳೆ. ಪಾಪ, ಉಸಿರು ಬಿಗಿಹಿಡಿದು ಕೂತಿದ್ದಾರೆ.

ಅಕ್ಷಯಾ