ಕವರ್ ಪುಟದ ಹೆಂಗಸು

6-3-78, ಸೋಮವಾರ

ಊಟದ ಬ್ರೇಕ್‌ನಲ್ಲಿ ಮತ್ತೆ ಫೋಟೋಗಳ ರಾಶಿ. ಕಾರ್ಖಾನೆ ಪತ್ರಿಕೆಯ ಸ್ಪರ್ಧೆಗೆ ಜಡ್ಜುಗಳು ಇಬ್ಬರೇ — ನಾನು, ಸ್ಟೋರ್ಸಿನ ಮುನಿನಾರಾಯಣಪ್ಪ. ಈ ಮನುಷ್ಯನಿಗೆ ಫೋಟೋದಲ್ಲಿ ಕರು ಇದ್ದರೆ ಸಾಕು, ಫಸ್ಟ್ ಪ್ರೈಜ್. ಮಗು ಇದ್ದರೂ ನಡೆಯುತ್ತದೆ. ಇವತ್ತು ಕರುವನ್ನು ಅಪ್ಪಿಕೊಂಡ ಮಗುವೇ ಸಿಕ್ಕಿಬಿಟ್ಟಿದೆ... ಆತನ ಕಣ್ಣಲ್ಲಿ ನೀರು! ಫೋಟೋದ ಅಂಚಿನಲ್ಲಿ ಮಗುವಿನ ಕಾಲು ಅರ್ಧಕ್ಕೆ ಕಟ್, ತಲೆಯ ಮೇಲೆ ಲೈಟ್ ಕಂಬ. ಅದು ಕಾಣುವುದೇ ಇಲ್ಲ ಆತನಿಗೆ. ಮೈ ಉರಿಯಿತು. ಜಾಲಹಳ್ಳಿಯಿಂದ ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಒಬ್ಬನೇ ಬೈದುಕೊಂಡೆ.

9-3-78, ಗುರುವಾರ

ಜಗಳವೇ ಆಯಿತು. ನನ್ನ ಪದ್ಧತಿ — ಫೋಟೋ ತಲೆಕೆಳಗು ಇಟ್ಟು ನೋಡುವುದು. ಆಗ ಕರು, ಮಗು, ಅಯ್ಯೋ ಪಾಪ, ಯಾವುದೂ ಅಡ್ಡ ಬರುವುದಿಲ್ಲ. ಬೆಳಕು, ನೆರಳು, ಗೆರೆ ಅಷ್ಟೇ. ಹಾಗಿಟ್ಟಾಗ ಎದ್ದು ಕಂಡದ್ದು ಡ್ರಾಯಿಂಗ್ ಆಫೀಸಿನ ಅನ್ವರ್ ತೆಗೆದ ಫೋಟೋ. ಯಶವಂತಪುರದ ಕಡೆ ಯಾವುದೋ ಬೀದಿಯ ನಲ್ಲಿ, ಎಳೆ ಬಿಸಿಲು. ಕೊಡ ಹೊತ್ತ ಹೆಂಗಸು, ಹಿಂದಿನಿಂದ. ತಲೆ ಮೇಲೆ ಸೆರಗು. ಆ ಬಾಗಿದ ಬೆನ್ನು ಮೂಲೆಯಿಂದ ಮೂಲೆಗೆ ಎಳೆದ ಗೆರೆ... ಏನು ಕಾಂಪೊಸಿಷನ್!

"ಯಾರ್ ಮನೆ ಹೆಣ್ಮಗ್ಳೋ ಪಾಪ, ನೀರ್ ಹೊತ್ತು ಹೊತ್ತು ಬೆನ್ನೇ ಬಗ್ಗೋಗದೆ. ನೀವು ಗೆರೆ ಗೆರೆ ಅಂತೀರಲ್ಲ ಸಾರ್?" ಎಂದ ಮುನಿನಾರಾಯಣಪ್ಪ.

"ಯಾರಾದ್ರೇನ್ರೀ? ಅದು ಹೆಂಗಸಲ್ಲ, ಶೇಪ್!"

ಕೂಗಿಯೇ ಹೇಳಿದೆ. ಗೆದ್ದೆ. ಅನ್ವರ್‌ಗೆ ಫಸ್ಟ್. ಕವರ್ ಪುಟಕ್ಕೂ ಅದೇ.

3-4-78, ಸೋಮವಾರ

ಪತ್ರಿಕೆ ಬಂತು. ಮನೆಗೆ ತಂದು ಹೆಂಡತಿಯ ಮುಂದೆ ತಲೆಕೆಳಗು ಹಿಡಿದೆ. ಗೆರೆ ತೋರಿಸಿದೆ. ಮುನಿನಾರಾಯಣಪ್ಪನ ದಡ್ಡತನ ವರ್ಣಿಸಿದೆ. ಚಂದ್ರವ್ವ ಹಿಟ್ಟಿನ ಕೈಯಲ್ಲೇ ಇಸಿದುಕೊಂಡು ನೆಟ್ಟಗೆ ತಿರುಗಿಸಿದಳು. ಹಂಚಿನ ಮೇಲೆ ರೊಟ್ಟಿ ಸೀದಿತು.

"ಇದು ನಾನ ರೀ."

ನಕ್ಕುಬಿಟ್ಟೆ. ಆಮೇಲೆ ನೋಡಿದೆ. ಇಳಕಲ್ ಸೀರೆ. ಗದಗಿನಿಂದ ತಂದ ಅವಳ ತವರಿನ ಕೊಡ, ಕಂಠದ ಹತ್ತಿರ ನೆಗ್ಗಿದ್ದು. ನಮ್ಮದೇ ಬೀದಿ! ನಾನು ಏಳುವ ಹೊತ್ತಿಗೆ ಹಂಡೆ ತುಂಬಿರುತ್ತದೆ. ತುಂಬಿದವರನ್ನು ನೋಡಿದವನೇ ಅಲ್ಲ.

ರೇಗಿಹೋಯಿತು. ಹೇಳದೆ ಕೇಳದೆ ಕಂಡವರ ಹೆಂಡತಿಯ ಫೋಟೋ ತೆಗೆಯುವುದೇ? ಅನ್ವರ್‌ನ ಪ್ರೈಜ್ ಕಿತ್ತುಕೊಳ್ಳಬೇಕು, ಸಂಪಾದಕರಿಗೆ ಬರೆಯುತ್ತೇನೆ ಎಂದು ಹಾರಾಡಿದೆ.

"ಅಂವನ್ನ ಯಾಕ ಬೈತೀರಿ? ಕೇಳಲಿಲ್ಲ, ಖರೆ. ಆದ್ರ ಅಂವ ನನ್ನ ನೋಡ್ಯಾನ. ನೀವು ಗೆರಿ ನೋಡಿದ್ರಿ, ನೆರಳು ನೋಡಿದ್ರಿ. ಹೇಣ್ತಿ ಗುರ್ತ ಸಿಗಲಿಲ್ಲ."

ನಾಚಿಕೆ, ಅದಕ್ಕಿಂತ ಹೆಚ್ಚು ಸಿಟ್ಟು. ಯಾರ ಮೇಲೆ ಅಂತ ತೀರಿಸಲಿ? ಸಂಪಾದಕರಿಗೆ ಬರೆಯಲು ಕೂತೆ. "ಚಿತ್ರದಲ್ಲಿರುವ ಮಹಿಳೆ" ಎಂದು ಶುರು ಮಾಡಿ ಹರಿದು ಹಾಕಿದೆ.

4-4-78, ಬೆಳಿಗ್ಗೆ

ನಲ್ಲಿಯಲ್ಲಿ ನೀರು ಬಂದಿದೆ. ಕೊಡ ಕೊಡು, ನಾನು ಹೋಗುತ್ತೇನೆ ಎಂದೆ. "ನಿಮ್ಗ ಆಗೂದಲ್ಲ ಬಿಡ್ರಿ, ಮಲಕೋರಿ" ಎಂದು ಹೊರಟೇಬಿಟ್ಟಳು.

ಕಿಟಕಿಯಲ್ಲಿ ನಿಂತು ನೋಡಿದೆ. ತುಂಬಿಸಿಕೊಂಡು ಬರುತ್ತಿದ್ದಾಳೆ. ಎಡಗಾಲು ಎಳೆದು ಹಾಕುತ್ತಾಳೆ. ಯಾವಾಗಿನಿಂದ—